ಭಾರ ದಾರದಲ್ಲಿದೆ

ಒಮ್ಮೆಯೂ ಗಾಳ ಹಾಕದವರು ಕೈ ಎತ್ತಿ ಅಂದೆ. ಎದ್ದದ್ದು ಮೂರು ಕೈ. ಅದರಲ್ಲಿ ಎರಡು ಬೇರೆ ಊರಿಂದ ಬಂದ ಸೊಸೆಯಂದಿರದ್ದು. ತುಂಗೆ, ಮಾಲತಿ ಹರಿಯುವ ಸೀಮೆಯಲ್ಲಿ ಇದಕ್ಕಿಂತ ಬೇರೆ ಉತ್ತರ ನಾನು ನಿರೀಕ್ಷಿಸಿರಲೂ ಇಲ್ಲ. ವಾಟೆ ಕೋಲು, ನೈಲಾನ್ ದಾರ, ಬೆಂಡು, ಅದರ ಕೆಳಗೊಂದು ಸೀಸದ ಗುಂಡು, ಕೊನೆಗೆ ಕೊಕ್ಕೆ. ತೆಂಗಿನ ಕರಟದಲ್ಲಿ ಹಸಿ ಮಣ್ಣು, ಮಣ್ಣಿನಲ್ಲಿ ಎರೆಹುಳ. ನಮ್ಮೆಲ್ಲರ ಬಾಲ್ಯ ಅದೇ. ಹಾಗಾಗಿ ಇವತ್ತು ನಾನು ಹೇಳಲು ಬಂದಿರುವ ಫ್ಲೈ ಫಿಶಿಂಗ್ ಎಂಬುದು ನಿಮಗೆ ಪೂರ್ತಿ ಹೊಸತಲ್ಲ. ಒಂದೇ ಒಂದು ವಿಷಯದಲ್ಲಿ ಮಾತ್ರ ಅದು ನಮ್ಮ ಗಾಳಕ್ಕೆ ತದ್ವಿರುದ್ಧ. ಆ ಒಂದನ್ನು ಹಿಡಿದುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ.

ನಮ್ಮ ಗಾಳದಲ್ಲಿ ನೀವು ಎಸೆಯುವುದು ಏನನ್ನು? ಸೀಸದ ಗುಂಡನ್ನು. ಗುಂಡು ಹೋಗುತ್ತದೆ, ದಾರ ಅದರ ಹಿಂದೆ ಓಡುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಗುಂಡಿಲ್ಲ. ತುದಿಯಲ್ಲಿರುವುದು ಸಣ್ಣ ಕೊಕ್ಕೆಗೆ ಕೋಳಿಗರಿ, ಮೊಲದ ಕೂದಲು, ನೂಲು ಸುತ್ತಿ ಮಾಡಿದ ಹುಳದ ವೇಷ. ಇಲ್ಲಿ ನನ್ನ ಅಂಗೈಯಲ್ಲಿದೆ, ಹಿಂದಿನ ಸಾಲಿನವರಿಗೆ ಕಾಣುವುದಿಲ್ಲ, ಕ್ಷಮಿಸಿ. ಗ್ರಾಮಿನ ಹತ್ತನೇ ಒಂದು ಪಾಲೂ ತೂಗುವುದಿಲ್ಲ. ಇದನ್ನು ಎಸೆದು ನೋಡಿ, ಹತ್ತಿಯ ಎಳೆ ಎಸೆದ ಹಾಗೆ ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾದರೆ ನಲವತ್ತು ಅಡಿ ದೂರದ ಬಂಡೆಯ ಪಕ್ಕಕ್ಕೆ ಅದು ಹೋಗುವುದು ಹೇಗೆ? ಭಾರವನ್ನು ದಾರಕ್ಕೇ ಕೊಟ್ಟಿದ್ದಾರೆ. ದಪ್ಪ ಶಾವಿಗೆಯಂತಿರುವ, ಮೇಲೆ ಪ್ಲಾಸ್ಟಿಕ್ ಲೇಪನ ಇರುವ ದಾರ ಇದು. ಸುಮಾರು 27 ಮೀಟರ್ ಉದ್ದ. ನೀವು ಎಸೆಯುವುದು ದಾರವನ್ನು. ಹುಳ ಅದರ ಜೊತೆ ಸುಮ್ಮನೆ ಸವಾರಿ ಹೋಗುತ್ತದೆ.

ಈ ದಾರಗಳಿಗೆ ನಂಬರ್ ಇರುತ್ತದೆ. 5ನೇ ನಂಬರಿನ ದಾರ ಅಂದರೆ ಅದರ ಮೊದಲ 30 ಅಡಿಯ ತೂಕ 140 ಗ್ರೇನ್, ನಮ್ಮ ಲೆಕ್ಕದಲ್ಲಿ 9 ಗ್ರಾಮ್. ಕೋಲಿನ ಮೇಲೂ ಅದೇ ನಂಬರ್ ಇರಬೇಕು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ನಾನು ಮೊದಲ ಸಲ ಆನ್‌ಲೈನ್‌ನಲ್ಲಿ ಸೆಟ್ ತರಿಸಿದಾಗ 5ನೇ ನಂಬರಿನ ಕೋಲಿಗೆ 8ನೇ ನಂಬರಿನ ದಾರ ಸುತ್ತಿ ಕಳಿಸಿದ್ದರು. ನನಗೇನು ಗೊತ್ತು? ಎರಡು ತಿಂಗಳು ಬೀಸಿದ್ದೇ ಬೀಸಿದ್ದು, ಭುಜ ಊದಿಕೊಂಡಿತು. ತಪ್ಪೆಲ್ಲ ನನ್ನ ಕೈಯದ್ದೇ ಅಂದುಕೊಂಡಿದ್ದೆ.

ಹೊಸದಾಗಿ ಶುರು ಮಾಡುವವರಿಗೆ 9 ಅಡಿಯ, 5ನೇ ನಂಬರಿನ ಕೋಲು ಸಾಕು. ನಾಲ್ಕು ತುಂಡಾಗಿ ಬಿಚ್ಚಿಕೊಳ್ಳುವಂಥದ್ದಾದರೆ ಬಸ್ಸಿನಲ್ಲಿ ಒಯ್ಯಲು ಸಲೀಸು. ರೀಲಿಗೆ ದುಡ್ಡು ಸುರಿಯಬೇಡಿ. ಟ್ರೌಟ್ ಎಂಬ ತಣ್ಣೀರಿನ ಹೊಳೆಮೀನಿನ ಮಟ್ಟಿಗೆ ರೀಲ್ ಅಂದರೆ ದಾರ ಇಟ್ಟುಕೊಳ್ಳುವ ಡಬ್ಬಿ, ಅಷ್ಟೆ. ದುಡ್ಡು ಉಳಿದರೆ ಒಳ್ಳೆಯ ದಾರಕ್ಕೆ ಹಾಕಿ.

ಈಗ ಬೀಸುವ ವಿಷಯ. ಎತ್ತಿನ ಬಾರುಕೋಲು ಹಿಡಿದು ಗೊತ್ತಿರುವ ಹಿರಿಯರು ಇಲ್ಲಿ ಇದ್ದೀರಿ. ಬಾರುಕೋಲು ಚಟ್ ಎನ್ನುವುದು ಯಾವಾಗ? ಅದು ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದಕ್ಕೆ ಎಳೆದಾಗ. ಫ್ಲೈ ದಾರದಲ್ಲಿ ಆ ಚಟ್ ಸದ್ದು ಕೇಳಿತೆಂದರೆ ಹುಳ ಕಿತ್ತುಹೋಯಿತು ಎಂದೇ ಅರ್ಥ. ಇಲ್ಲಿ ಕೆಲಸ ಉಲ್ಟಾ. ಕೋಲನ್ನು ಹಿಂದಕ್ಕೆ ಒಯ್ದು, ಗಡಿಯಾರದ ಮುಳ್ಳು ಒಂದು ಗಂಟೆ ತೋರಿಸುವ ಜಾಗದಲ್ಲಿ ಗಕ್ಕನೆ ನಿಲ್ಲಿಸಬೇಕು. ನಿಲ್ಲಿಸಿ ಕಾಯಬೇಕು. ಬೆನ್ನ ಹಿಂದೆ ದಾರ ಸುರುಳಿ ಬಿಚ್ಚಿ ನೆಟ್ಟಗಾಗುವ ತನಕ ಕೈ ಅಲ್ಲಾಡಬಾರದು. ನೆಟ್ಟಗಾದ ದಾರ ಕೋಲಿನ ತುದಿಯನ್ನು ಮೆಲ್ಲಗೆ ಎಳೆಯುತ್ತದೆ. ಆ ಎಳೆತ ಕೈಗೆ ಗೊತ್ತಾದ ಮೇಲೆ ಮುಂದಕ್ಕೆ ಒಯ್ದು, ಹತ್ತು ಗಂಟೆಯ ಜಾಗದಲ್ಲಿ ಮತ್ತೆ ಗಕ್ಕನೆ ನಿಲ್ಲಿಸಿ. ಎಷ್ಟು ಹೊತ್ತು ಕಾಯಬೇಕು ಅಂತ ಎಲ್ಲರೂ ಕೇಳುತ್ತಾರೆ. ನಾನು ಮನಸ್ಸಿನಲ್ಲಿ ‘ಮಾ-ಲ-ತಿ’ ಅನ್ನುತ್ತೇನೆ. ದಾರ ಹೆಚ್ಚು ಬಿಟ್ಟಿದ್ದರೆ ಇನ್ನಷ್ಟು ನಿಧಾನವಾಗಿ ಅನ್ನುತ್ತೇನೆ.

ಕಾಯುವುದು ಕಷ್ಟ. ಬೆನ್ನ ಹಿಂದೆ ಆಗುವುದನ್ನು ನಂಬಲು ಮನಸ್ಸು ಒಪ್ಪುವುದಿಲ್ಲ. ನಾನು ನಾಲ್ಕು ತಿಂಗಳು ಅಡಿಕೆ ಅಂಗಳದಲ್ಲಿ, ಕೊಕ್ಕೆಯ ಜಾಗಕ್ಕೆ ಕೆಂಪು ಉಲ್ಲನ್ ಚೂರು ಕಟ್ಟಿಕೊಂಡು ಬೀಸಿದೆ. ಪಕ್ಕದ ಮನೆಯ ಅಮ್ಮ ಬೇಲಿಯಾಚೆ ನಿಂತು, “ಏನು ಮಾರಾಯ್ರೆ, ಅಂಗಳದಲ್ಲಿ ಎಷ್ಟು ಮೀನು ಬಿತ್ತು?” ಅಂತ ದಿನಾ ವಿಚಾರಿಸುತ್ತಿದ್ದರು. ಐದನೇ ತಿಂಗಳು ನಾಚಿಕೆಯಾಗಿ, ಉಲ್ಲನ್ ಬಿಚ್ಚಿ ನಿಜವಾದ ಕೊಕ್ಕೆ ಕಟ್ಟಿದೆ. ಮೂರನೇ ಬೀಸಿಗೆ ಅದು ನನ್ನ ಕಿವಿಗೇ ಸಿಕ್ಕಿತು. ಅದೃಷ್ಟಕ್ಕೆ ಕೊಕ್ಕೆಯ ಒಳಮುಳ್ಳನ್ನು ಇಕ್ಕುಳದಿಂದ ಮೊದಲೇ ಒತ್ತಿಹಾಕಿದ್ದೆ, ಹೇಗೆ ಹೋಗಿತ್ತೋ ಹಾಗೇ ಹೊರಬಂತು. ಮೀನಿಗೂ ಅಷ್ಟೇ ಸುಲಭವಾಗಿ ಬಿಡುತ್ತದೆ. ಒಳಮುಳ್ಳು ಒತ್ತಿದ ಕೊಕ್ಕೆಯನ್ನೇ ಬಳಸಿ ಅಂತ ಬೇರೆಯವರು ಹೇಳಿದರೆ ಉಪದೇಶ ಅನ್ನಿಸಬಹುದು. ನಾನು ಕಿವಿ ಮುಟ್ಟಿಕೊಂಡು ಹೇಳುತ್ತಿದ್ದೇನೆ.

ದಪ್ಪ ದಾರದ ತುದಿಗೆ ನೇರವಾಗಿ ಹುಳ ಕಟ್ಟುವುದಿಲ್ಲ. ನಡುವೆ ಒಂಬತ್ತು ಅಡಿಯಷ್ಟು ಪಾರದರ್ಶಕ ಎಳೆ ಇರುತ್ತದೆ, ಬುಡದಲ್ಲಿ ದಪ್ಪ, ತುದಿಗೆ ಹೋಗುತ್ತಾ ಸಪೂರ. ತುದಿಯ ಎಳೆಗೆ 4ಎಕ್ಸ್, 5ಎಕ್ಸ್ ಅಂತ ಲೆಕ್ಕ. 11ರಲ್ಲಿ ಆ ಅಂಕಿ ಕಳೆದರೆ ಇಂಚಿನ ಸಾವಿರದ ಎಷ್ಟನೇ ಪಾಲು ದಪ್ಪ ಅನ್ನುವುದು ಸಿಗುತ್ತದೆ. 5ಎಕ್ಸ್ ಅಂದರೆ ಸಾವಿರದ ಆರು ಪಾಲು, ಮಿಲಿಮೀಟರಿನಲ್ಲಿ 0.15. ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿಕೊಳ್ಳಿ. ಒಣ ಎಳೆ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತದೆ. ಗಂಟುಗಳನ್ನು ಮಾತಿನಲ್ಲಿ ಕಲಿಸಲು ಬರುವುದಿಲ್ಲ, ಆಮೇಲೆ ಹತ್ತಿರ ಬನ್ನಿ, ತೋರಿಸುತ್ತೇನೆ.

ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಇದು ಬ್ರಿಟಿಷ್ ದೊರೆಗಳ ಶೋಕಿ ಅನ್ನುವವರಿದ್ದಾರೆ. ಈಗ ನಾವು ಕಾಣುವ ಕೋಲು, ರೀಲು, ದಾರದ ಮಟ್ಟಿಗೆ ಅದು ನಿಜ. ಆದರೆ ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗರಿ ಕಟ್ಟಿ, ಹೊಳೆಯ ಮೀನಿಗೆ ನೊಣದ ಭ್ರಮೆ ಹುಟ್ಟಿಸುವುದನ್ನು ರೋಮಿನ ಈಲಿಯನ್ ಸುಮಾರು 1,800 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಅವನು ಹೇಳುವುದು ಮ್ಯಾಸಿಡೋನಿಯಾದ ಜನರ ಬಗ್ಗೆ. ನಮ್ಮಲ್ಲೂ ಗಾಳ ಬರೀ ಹೊಟ್ಟೆಪಾಡಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಆನೆ, ಕುದುರೆ, ಅಡುಗೆಗಳ ಜೊತೆಗೆ ಗಾಳದ ಆಟಕ್ಕೂ ಅಲ್ಲಿ ಮಣೆ. ಯಾವ ಮೀನಿಗೆ ಯಾವ ಆಹಾರ ಎಂದು ಅಲ್ಲಿ ವಿವರಿಸಿದ್ದಾನೆ. ಫ್ಲೈ ಫಿಶಿಂಗ್ ಅಲ್ಲ ಅದು, ಆದರೆ ಆಟದ ಬೇರು ಅಲ್ಲೇ ಇದೆ: ಮೀನು ಈಗ ಏನು ತಿನ್ನುತ್ತಿದೆ?

ಆ ಪ್ರಶ್ನೆ ನನಗೆ ನಿಜವಾಗಿ ಅರ್ಥವಾದದ್ದು ಹಿಮಾಚಲದ ತೀರ್ಥನ್ ಹೊಳೆಯಲ್ಲಿ. ಕುಲ್ಲು ಜಿಲ್ಲೆಯಲ್ಲಿ ಬಂಜಾರ್ ಅಂತ ಪೇಟೆ, ಅದರಾಚೆ ನಾಗಿನಿ, ಗುಶೈನಿ ಎಂಬ ಹಳ್ಳಿಗಳು. ಕುಲ್ಲು ಹೆದ್ದಾರಿಯಲ್ಲಿ ಔಟ್ ಸುರಂಗ ಬರುವ ಮೊದಲೇ ಲಾರ್ಜಿ ಕಡೆ ತಿರುಗಿಕೊಂಡರೆ ಹೊಳೆ ಜೊತೆಗೇ ಬರುತ್ತದೆ. ನಾನು ಹೋದದ್ದು ಏಪ್ರಿಲ್‌ನಲ್ಲಿ. ಡಬ್ಬಿಯಲ್ಲಿ ನಲವತ್ತು ಬಗೆಯ ಹುಳ, ಎಲ್ಲ ಬಣ್ಣಬಣ್ಣ. ಬೆಳಿಗ್ಗೆಯಿಂದ ಹನ್ನೊಂದರ ತನಕ ಒಂದೊಂದನ್ನೇ ಕಟ್ಟಿ ಎಸೆದೆ. ಕಣ್ಣೆದುರೇ ಮೀನು ಓಡಾಡುತ್ತಿವೆ, ಒಂದೂ ತಿರುಗಿ ನೋಡಲಿಲ್ಲ. ನನ್ನ ಜೊತೆ ಬಂದಿದ್ದ ಅಲ್ಲಿನ ಹುಡುಗ, ಇಪ್ಪತ್ತು ದಾಟಿರಲಿಲ್ಲ, ಬಂಡೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಕೊನೆಗೆ ತಡೆಯಲಾಗದೆ ಎದ್ದು ಬಂದು, ಮೊಣಕಾಲು ನೀರಿಗೆ ಕೈ ಹಾಕಿ, ತೆಂಗಿನಕಾಯಿ ಗಾತ್ರದ ಒಂದು ಕಲ್ಲೆತ್ತಿ ತಿರುವಿ ನನ್ನ ಮುಖದ ಮುಂದೆ ಹಿಡಿದ.

ಕಲ್ಲಿನ ಅಡಿ ಮೈ ಪೂರ್ತಿ ಜೀವಂತವಾಗಿತ್ತು. ಮರಳಿನ ಕಾಳು ಅಂಟಿಸಿಕೊಂಡು ಕಟ್ಟಿದ ಸಣ್ಣ ಸಣ್ಣ ಕೊಳವೆಗಳು, ಅಕ್ಕಿಕಾಳಿನಷ್ಟುದ್ದ. ಒಳಗೆ ಕ್ಯಾಡಿಸ್ ಹುಳದ ಮರಿ. ಪಕ್ಕದಲ್ಲಿ ಚಪ್ಪಟೆ ಮೈಯ, ಮೂರು ಬಾಲದೆಳೆಯ ಮೇಫ್ಲೈ ಮರಿಗಳು, ಬೆಳಕು ಬಿದ್ದೊಡನೆ ಏಡಿಯ ಹಾಗೆ ಅಡ್ಡಡ್ಡ ಸರಿದು ಇನ್ನೊಂದು ಬದಿಗೆ ಹೋದವು. ಎಲ್ಲ ಕಂದು, ಬೂದು, ಪಾಚಿ ಬಣ್ಣ. ನನ್ನ ಡಬ್ಬಿಯಲ್ಲಿದ್ದದ್ದು ಕೇಸರಿ, ಗುಲಾಬಿ, ಜರಿ! ಹುಡುಗ ಡಬ್ಬಿಯನ್ನು ಕೆದಕಿ, ಮೂಲೆಯಲ್ಲಿದ್ದ ಒಂದು ಮಂಕಾದ ಕಂದು ಹುಳ ಆರಿಸಿ ಕೊಟ್ಟ. ಅದಕ್ಕೆ ಫೆಸೆಂಟ್ ಟೇಲ್ ಅಂತ ಹೆಸರು, ಕಾಡುಕೋಳಿಯ ಬಳಗದ ಒಂದು ಹಕ್ಕಿಯ ಬಾಲದ ಗರಿ ಸುತ್ತಿ ಮಾಡಿದ್ದು. ಇಂಗ್ಲೆಂಡಿನ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ಎಂಬಾತ ಕಟ್ಟಿದ ಮಾದರಿ. ನಾಲ್ಕನೇ ಬೀಸಿಗೆ ದಾರ ಹೊಳೆಯ ಹರಿವಿನಲ್ಲಿ ಒಂದು ಗಳಿಗೆ ತಡೆದು ನಿಂತಂತಾಯಿತು. ಕೋಲೆತ್ತಿದೆ. ತುದಿ ನಡುಗಿತು.

ಒಂಬತ್ತು ಇಂಚಿನ ಬ್ರೌನ್ ಟ್ರೌಟ್. ಬೆಣ್ಣೆ ಬಣ್ಣದ ಹೊಟ್ಟೆ, ಮೈಮೇಲೆ ಕಪ್ಪು ಚುಕ್ಕೆ, ನಡುನಡುವೆ ಕುಂಕುಮದ ಚುಕ್ಕೆ, ಕುಂಕುಮದ ಸುತ್ತ ತಿಳಿನೀಲಿ ಉಂಗುರ. ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೋ ಅಂತ ಹುಡುಗ ಗದರಿದ. ಒಣ ಕೈಗೆ ಮೀನಿನ ಮೈಯ ಲೋಳೆ ಅಂಟಿ ಹೋಗುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ಕಾವಲು. ನೀರಿನಲ್ಲೇ ಕೊಕ್ಕೆ ಬಿಡಿಸಿ, ಹರಿವಿಗೆ ಮುಖ ಮಾಡಿ ಹಿಡಿದೆ. ಕಿವಿರು ನಾಲ್ಕು ಸಲ ಆಡಿತು, ಆಮೇಲೆ ಅದು ನನ್ನ ಬೆರಳ ನಡುವೆ ಇರಲಿಲ್ಲ.

ಅಂದಿನಿಂದ ಯಾವ ಹೊಳೆಗೆ ಹೋದರೂ ಮೊದಲು ಕೋಲು ಬಿಚ್ಚುವುದಿಲ್ಲ. ಕಲ್ಲು ಎತ್ತುತ್ತೇನೆ. ಜೇಡರ ಬಲೆ ನೋಡುತ್ತೇನೆ, ನಿನ್ನೆ ಸಂಜೆ ಯಾವ ಹುಳ ಹಾರಿತ್ತು ಅನ್ನುವುದು ಅಲ್ಲಿ ಬರೆದಿರುತ್ತದೆ. ಮೇಫ್ಲೈ ನೀರಿನಲ್ಲಿ ತಿಂಗಳುಗಟ್ಟಲೆ ಬದುಕಿ, ರೆಕ್ಕೆ ಬಂದ ಮೇಲೆ ಒಂದೆರಡು ದಿನವಷ್ಟೇ ಇರುತ್ತದೆ. ಆಗ ಅದಕ್ಕೆ ತಿನ್ನಲು ಬಾಯಿಯೇ ಇಲ್ಲ. ಅವು ಒಟ್ಟಿಗೆ ಏಳುವ ಅರ್ಧ ಗಂಟೆ ಇಡೀ ಹೊಳೆಗೆ ಜಾತ್ರೆ. ನಮ್ಮಲ್ಲಿ ಮೊದಲ ಮಳೆಗೆ ಹತ್ತುಮೀನು ಏರುವ ರಾತ್ರಿ ಊರಿಗೆ ಊರೇ ಗದ್ದೆ ಬದುವಿನಲ್ಲಿ ಇರುತ್ತದಲ್ಲ, ಹಾಗೆ.

ಮೀನು ಎಲ್ಲಿ ನಿಲ್ಲುತ್ತದೆ ಅನ್ನುವುದು ಎರಡನೆಯದು. ಟ್ರೌಟ್ ಹರಿವಿಗೆ ಎದುರು ಮುಖ ಮಾಡಿ ನಿಲ್ಲುತ್ತದೆ, ಆದ್ದರಿಂದ ಅದರ ಬೆನ್ನ ಕಡೆಯಿಂದ, ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗಿ. ಅದು ಸೋಮಾರಿ. ರಭಸದ ನೀರಿನಲ್ಲಿ ಈಜಿ ಸುಸ್ತಾಗುವುದಿಲ್ಲ, ರಭಸ ಮತ್ತು ನಿಧಾನ ಎರಡೂ ಸೇರುವ ಗೆರೆಯಲ್ಲಿ ನಿಂತು ಪಕ್ಕದಲ್ಲಿ ಹೋಗುವ ತಿಂಡಿಯನ್ನು ಕತ್ತು ಹೊರಳಿಸಿ ಹಿಡಿಯುತ್ತದೆ. ನೊರೆ ಹೋಗುವ ದಾರಿಯೇ ತಿಂಡಿ ಹೋಗುವ ದಾರಿ, ಅಲ್ಲಿ ಹಾಕಿ. ಹುಳ ನೊರೆಯ ವೇಗದಲ್ಲೇ ತೇಲಬೇಕು. ದಾರ ಎಳೆದು ಹುಳ ಒಂಚೂರು ವೇಗವಾಗಿ ಓಡಿತೋ, ಮೀನಿಗೆ ಮೋಸ ತಿಳಿಯಿತು. ದಾರದ ಹೊಟ್ಟೆಯನ್ನು ಕೋಲಿನ ತುದಿಯಿಂದ ಎತ್ತಿ ಮೇಲ್ದಿಕ್ಕಿಗೆ ಹಾಕುತ್ತಾ ಇರಬೇಕು. ಈ ಒಂದು ಕೆಲಸಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಜಾಗಗಳ ಬಗ್ಗೆ ಹೇಳಿ ಅಂದಿದ್ದರು. ನನ್ನ ಲೆಕ್ಕದಲ್ಲಿ ಮೊದಲ ಸ್ಥಾನ ತೀರ್ಥನ್‌ಗೇ. ಮೀನಿನಿಂದ ಮಾತ್ರ ಅಲ್ಲ. ಅಲ್ಲಿನ ಜನ, ಹಿಂದೆ ಶಾಸಕರಾಗಿದ್ದ ದಿಲೇರಾಮ್ ಶಬಾಬ್ ಮುಂದಾಳತ್ವದಲ್ಲಿ, ತಮ್ಮ ಹೊಳೆಗೆ ಜಲವಿದ್ಯುತ್ ಯೋಜನೆ ಬೇಡ ಎಂದು ಹೋರಾಡಿ ಉಳಿಸಿಕೊಂಡರು. ಪಕ್ಕದ ಕಣಿವೆಗಳಿಗೆ ಹೋಗಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಮಾರ್ಚ್, ಏಪ್ರಿಲ್, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯ ಕಾಲ. ನವೆಂಬರ್‌ನಿಂದ ಫೆಬ್ರವರಿ ತನಕ ಟ್ರೌಟ್ ಮೊಟ್ಟೆ ಇಡುವ ಸಮಯ, ಹಿಡಿಯುವಂತಿಲ್ಲ. ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕೇ ಬೇಕು.

ಕಾಶ್ಮೀರದ ಲಿಡ್ಡರ್ ಇನ್ನೂ ಚೆಲುವೆ, ಆದರೆ ನನಗೆ ಅಲ್ಲಿ ಸ್ವಲ್ಪ ಮದುವೆಮನೆಯ ಮುಜುಗರ. ಹೊಳೆಯನ್ನು ತುಂಡು ತುಂಡಾಗಿ ಬೀಟ್ ಮಾಡಿದ್ದಾರೆ, ನಿಮ್ಮ ಹೆಸರಿಗೆ ಬರೆದುಕೊಟ್ಟ ಬೀಟಿನಲ್ಲಷ್ಟೇ ನಿಲ್ಲಬೇಕು. ಈ ಶಿಸ್ತಿನಿಂದಲೇ ಮೀನು ಉಳಿದಿದೆ ಅನ್ನುವುದನ್ನೂ ಒಪ್ಪುತ್ತೇನೆ. ಅಲ್ಲಿನ ಟ್ರೌಟ್‌ನ ಕಥೆ ಸೊಗಸು. 1899ರಲ್ಲಿ ಬ್ರಿಟನ್ನಿನಿಂದ ಹಡಗಿನಲ್ಲಿ ಹೊರಟ ಮೊಟ್ಟೆಗಳು ದಾರಿಯಲ್ಲೇ ಸತ್ತವು. ಮರುವರ್ಷ ಮತ್ತೆ ತರಿಸಿದವು ಬದುಕಿದವು. ಅವನ್ನು ಮರಿ ಮಾಡಿ ಸಾಕಿದ್ದು ಶ್ರೀನಗರದಲ್ಲಿ ರತ್ನಗಂಬಳಿ ಕಾರ್ಖಾನೆ ನಡೆಸುತ್ತಿದ್ದ ಫ್ರಾಂಕ್ ಮಿಚೆಲ್. ಕುಲ್ಲು ಕಡೆಗೆ ಟ್ರೌಟ್ ಹೋದದ್ದು ಆಮೇಲೆ, 1909ರಲ್ಲಿ. ನಮಗೆ ಹತ್ತಿರದ್ದು ನೀಲಗಿರಿ. ಊಟಿಯಾಚೆಯ ಅವಲಾಂಚಿಯಲ್ಲಿ 1907ರಲ್ಲೇ ಮರಿ ಕೇಂದ್ರ ಮಾಡಿದ್ದರು. ಅಲ್ಲಿ ಈಗ ಸುತ್ತಲೂ ಕಾಡಿನ ನಿರ್ಬಂಧ, ಮೊದಲೇ ಕೇಳಿಕೊಂಡು ಹೋಗಿ.

ಅಂದರೆ ನಮ್ಮ ದೇಶದ ಟ್ರೌಟ್ ಅಷ್ಟೂ ವಲಸೆ ಬಂದದ್ದು. ಹಾಗಾಗಿ ಪರವಾನಗಿಯ ಮಿತಿಯೊಳಗೆ ಒಂದನ್ನು ಹುರಿದು ತಿಂದರೆ ನನಗೆ ಬೇಸರವಿಲ್ಲ, ತಿಂದಿದ್ದೇನೆ ಕೂಡ. ಇಲ್ಲಿನದೇ ಮೀನಾದ ಮಹಸೀರ್ ವಿಷಯ ಬೇರೆ. ಉತ್ತರಾಖಂಡದ ರಾಮಗಂಗಾಕ್ಕೆ, ಸರಯೂ ಮತ್ತು ಕಾಳಿ ಸೇರುವ ಪಂಚೇಶ್ವರಕ್ಕೆ ಬಂಗಾರದ ಮಹಸೀರ್ ಅರಸಿ 8ನೇ ನಂಬರಿನ ಕೋಲು ಹೊತ್ತು ಮೂರು ಸಲ ಹೋಗಿದ್ದೇನೆ. ಒಂದೂ ಸಿಕ್ಕಿಲ್ಲ. ಒಂದು ಸಲ ಹಿಡಿದದ್ದು, ಎರಡು ಸೆಕೆಂಡಿನಲ್ಲಿ ಎಳೆ ಕಡಿದುಕೊಂಡು ಹೋಯಿತು. ಆ ಎರಡು ಸೆಕೆಂಡಿನ ಬಗ್ಗೆ ಒಂದು ಗಂಟೆ ಮಾತಾಡಬಲ್ಲೆ, ಸಂಘಟಕರು ಗಡಿಯಾರ ನೋಡುತ್ತಿದ್ದಾರೆ.

ಕಾವೇರಿ ಬಗ್ಗೆ ಯಾಕೆ ಹೇಳಲಿಲ್ಲ ಅಂತ ಹಿಂದಿನಿಂದ ಕೇಳಿದರು. ಹೇಳುತ್ತೇನೆ. ಮಹಸೀರ್ ಅಂದರೆ ಜಗತ್ತಿನ ಗಾಳದವರಿಗೆ ಕಾವೇರಿಯೇ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದರು, ಅಂದರೆ 54 ಕಿಲೋ, ಅರ್ಧ ಕ್ವಿಂಟಲ್ ಅಡಿಕೆ ಮೂಟೆಗಿಂತ ಜಾಸ್ತಿ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಿಗೆ ವಿದೇಶದಿಂದ ಜನ ಬರುತ್ತಿದ್ದರು. ಅಲ್ಲಿ ಗಾಳಕ್ಕೆ ಕಟ್ಟುತ್ತಿದ್ದದ್ದು ಏನು ಗೊತ್ತೇ? ರಾಗಿ. ಬೇಯಿಸಿ ನಾದಿ, ನಿಂಬೆಗಾತ್ರದ ಉಂಡೆ ಮಾಡಿ. ಗರಿಯ ಹುಳದ ಮುಂದೆ ಮುದ್ದೆಯೇ ಗೆದ್ದಿತ್ತು. ಅದೆಲ್ಲ ವನ್ಯಜೀವಿ ಧಾಮದ ಒಳಗಿನ ಜಾಗ, ಹತ್ತು ವರ್ಷಕ್ಕೂ ಹಿಂದೆ ಗಾಳ ನಿಂತುಹೋಯಿತು.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಕಾವೇರಿಯ ಆ ದೈತ್ಯ, ಬೆನ್ನಿಗೆ ಡುಬ್ಬ ಇರುವ ಕಿತ್ತಳೆ ರೆಕ್ಕೆಯ ಮಹಸೀರ್, ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಎನ್ನುವುದು ಖಚಿತವಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಕೆಂಪುಪಟ್ಟಿಗೂ ಸೇರಿಸಿದರು. ಒಳ್ಳೆಯದಾಗಲಿ ಎಂದೇ ಹೊರಗಿನ ಮರಿ ಕೇಂದ್ರದಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಸೀರ್ ಕಾವೇರಿಯಲ್ಲಿ ಹೆಚ್ಚುತ್ತಾ ಹೋಯಿತು, ಡುಬ್ಬದ್ದು ಕಾಣೆಯಾಗುತ್ತಾ ಹೋಯಿತು. ಇದು ಗೊತ್ತಾದದ್ದು ಹೇಗೆಂದರೆ, ಗಾಳದವರು ವರ್ಷಗಟ್ಟಲೆ ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಟ್ಟಿದ್ದರು. ವಿಜ್ಞಾನಿಗಳು ಆ ಪುಸ್ತಕಗಳನ್ನು ತೆರೆದು ನೋಡಿದರು. ಆದ್ದರಿಂದ ನೀವು ಹಿಡಿದದ್ದನ್ನು ಬರೆದಿಡಿ. ದಿನಾಂಕ, ಜಾಗ, ಉದ್ದ, ಹುಳ. ಸಿಗದ ದಿನವನ್ನೂ ಬರೆಯಿರಿ. ನನ್ನ ಪುಸ್ತಕದಲ್ಲಿ ಸಿಗದ ದಿನಗಳೇ ಹೆಚ್ಚು.

ಇಲ್ಲೇ ಹತ್ತಿರದಲ್ಲಿ ಏನು ಮಾಡಬಹುದು? ಶೃಂಗೇರಿಗೆ ಹೋಗಿ, ಕೋಲು ಮನೆಯಲ್ಲಿಟ್ಟು. ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂರಿ, ತುಂಗೆಯ ಮೀನುಗಳನ್ನು ನೋಡಿ. ಪುರಿ ಎಸೆಯುವವರ ಹತ್ತಿರದ ಗದ್ದಲ ಬಿಡಿ, ಸ್ವಲ್ಪ ಕೆಳಗೆ ಯಾರೂ ಎಸೆಯದ ಕಡೆ ಒಂದು ಮೀನು ಹೇಗೆ ನಿಲ್ಲುತ್ತದೆ, ತೇಲಿಬಂದ ಎಲೆಯನ್ನು ಬಾಯಿಗೆ ತೆಗೆದುಕೊಂಡು ಹೇಗೆ ಉಗುಳುತ್ತದೆ ನೋಡಿ. ಉಗುಳಲು ಅದಕ್ಕೆ ಒಂದು ಸೆಕೆಂಡೂ ಬೇಡ. ನಿಮ್ಮ ಹುಳವನ್ನೂ ಅಷ್ಟೇ ಬೇಗ ಉಗುಳುತ್ತದೆ.

ಕೋಲು ಹಿಡಿಯಲೇಬೇಕೆಂದರೆ ಊರ ಕೆರೆಯ ಜಿಲೇಬಿ ಮೀನು ಇದೆ. ನಗಬೇಡಿ, ಬಿಳಿ ಹುಳಕ್ಕೆ ಚೆನ್ನಾಗಿ ಏಳುತ್ತದೆ. ಹಿಡಿದರೆ ಬಿಡಬೇಕಿಲ್ಲ, ಸಾರು ಮಾಡಿ. ಕೆರೆ ಗುತ್ತಿಗೆ ಹಿಡಿದವರನ್ನು ಮಾತ್ರ ಮೊದಲು ಕೇಳಿ, ಕೇಳದೆ ಹೋಗಿ ನಾನು ಒಮ್ಮೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ್ದೇನೆ.

ನಾಳೆ ಭಾನುವಾರ. ಬೆಳಿಗ್ಗೆ ಆರೂವರೆಗೆ ಶಾಲೆಯ ಮೈದಾನಕ್ಕೆ ಬನ್ನಿ, ನನ್ನ ಹತ್ತಿರ ಎರಡು ಕೋಲಿವೆ. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳನ್ನೂ ಕರೆತನ್ನಿ, ಅವರು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ. ನೀರಿಗೆ ಇಳಿಯುವುದಿಲ್ಲ, ಕೊಕ್ಕೆಯೂ ಇರುವುದಿಲ್ಲ. ಕೆಂಪು ಉಲ್ಲನ್ ನಾನು ತರುತ್ತೇನೆ.